ಲೂರ್ದು ಯಾತ್ರೆಯ ರೋಗಿಸೇವಕರು

ಫ್ರಾನ್ಸಿನ ನೈಋತ್ಯದಲ್ಲಿ, ಪಿರನೀಸ್ ಪರ್ವತಗಳ ತಪ್ಪಲಿನಲ್ಲಿರುವ ಲೂರ್ದು ಪಟ್ಟಣಕ್ಕೆ ರೈಲು ಬಂದದ್ದು 1866ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲು, 1858ರಲ್ಲಿ, ಬರ್ನಡೆಟ್ ಸುಬಿರೂ ಎಂಬ ಹದಿನಾಲ್ಕರ ಬಡ ಹುಡುಗಿ ಅಲ್ಲಿನ ಹೊಳೆದಂಡೆಯ ಗವಿಯಲ್ಲಿ ತನಗೆ ಮರಿಯ ಮಾತೆಯ ದರ್ಶನವಾಯಿತೆಂದು ಹೇಳಿದ್ದಳು. ಗವಿಯ ಒರತೆಯ ನೀರಿನಿಂದ ಕಾಯಿಲೆ ವಾಸಿಯಾಗುತ್ತದೆಂಬ ನಂಬಿಕೆ ಬೇಗನೆ ಹಬ್ಬಿತು. ಹಾಸಿಗೆ ಹಿಡಿದವರೂ ಅಲ್ಲಿಗೆ ಹೋಗಲು ರೈಲು ದಾರಿ ಮಾಡಿಕೊಟ್ಟಿತು. ಆದರೆ ಅವರನ್ನು ಹತ್ತಿಸಿ, ಇಳಿಸಿ, ದಾರಿಯುದ್ದಕ್ಕೂ ನೋಡಿಕೊಳ್ಳಲು ಜನ ಬೇಕಿತ್ತು.

ಅಸಂಪ್ಷನಿಸ್ಟ್ ಸಭೆಯ ಪಾದ್ರಿಗಳು 1873ರಲ್ಲಿ ರಾಷ್ಟ್ರೀಯ ಯಾತ್ರೆಯನ್ನು ಆರಂಭಿಸಿದರು. ಪ್ರಷ್ಯದ ಎದುರು ಸೋತು, ಪ್ಯಾರಿಸ್ಸಿನ ದಂಗೆಯಲ್ಲಿ ನಲುಗಿದ ದೇಶ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂಬುದು ಅವರ ಭಾವನೆ. ಯಾತ್ರೆಗೆ ರಾಜಪ್ರಭುತ್ವ ಬಯಸುವವರ ಬೆಂಬಲವೂ ಇತ್ತೆಂಬುದನ್ನು ಮರೆಮಾಚಬೇಕಿಲ್ಲ. ಕೆಲವೇ ವರ್ಷಗಳಲ್ಲಿ ಬಡ ರೋಗಿಗಳನ್ನು ಕರೆದೊಯ್ಯುವುದೇ ಅದರ ಮುಖ್ಯ ಕೆಲಸವಾಯಿತು. ರೋಗಿಗಳ ಪ್ರಯಾಣಕ್ಕೆ ದಾನಿಗಳ ಹಣ. ಸೇವೆಗೆ ಬಂದವರದು ಸ್ವಂತ ಖರ್ಚು.

ತೀರಾ ಕ್ಷೀಣಿಸಿದವರು ಹೋಗುತ್ತಿದ್ದ ಗಾಡಿಗೆ ಬಿಳಿ ರೈಲು ಎಂಬ ಹೆಸರು. ಕ್ಷಯ, ಹುಣ್ಣು, ಪಾರ್ಶ್ವವಾಯು ಎಲ್ಲ ಒಂದೇ ಬೋಗಿಯಲ್ಲಿ. ಮನೆಯಲ್ಲಿ ಆಳುಕಾಳುಗಳಿದ್ದ ಸಿರಿವಂತ ಹೆಂಗಸರು ಇಲ್ಲಿ ಕೂಲಿಕಾರರ ಗಾಯ ತೊಳೆದರು, ಮಲಮೂತ್ರದ ಪಾತ್ರೆ ಎತ್ತಿದರು. ಗಂಡಸರದು ಹೊರುವ ಕೆಲಸ. ಹೆಗಲ ಮೇಲಿಂದ ಇಳಿಬಿಟ್ಟ ಪಟ್ಟಿಗೆ ಸ್ಟ್ರೆಚರಿನ ಹಿಡಿಗಳನ್ನು ಸಿಕ್ಕಿಸಿಕೊಂಡರೆ ಭಾರ ಬರಿಯ ಕೈಗಳ ಮೇಲೆ ಬೀಳದೆ ಬೆನ್ನಿಗೂ ಹಂಚಿಹೋಗುತ್ತಿತ್ತು. ಆ ಪಟ್ಟಿಯೇ ಹೊರುವವರ ಗುರುತಾಯಿತು. ಒರತೆಯ ನೀರು ತುಂಬಿದ ತೊಟ್ಟಿಗಳ ಬಳಿ ಕೆಲಸ ಇನ್ನೂ ಕಷ್ಟ. ಕೊರೆಯುವ ತಣ್ಣೀರಿಗೆ ರೋಗಿಯನ್ನು ಇಳಿಸುವಾಗ ಎರಡೂ ಕಡೆ ಹಿಡಿದು, ನೋವಾಗದಂತೆ, ನಾಚಿಕೆಯಾಗದಂತೆ ನೋಡಿಕೊಳ್ಳಬೇಕು. ಪವಾಡಗಳ ಬಗ್ಗೆ ಅಂದಿನಿಂದಲೂ ವಾದವಿದೆ. ಫ್ರೆಂಚ್ ಲೇಖಕ ಎಮಿಲ್ ಜೋಲಾ 1894ರಲ್ಲಿ ಅದನ್ನೇ ಕಾದಂಬರಿಯ ವಸ್ತುವಾಗಿಸಿದ. ಗುಣವಾಗದೆ ಮರಳಿದವರೇ ಹೆಚ್ಚು. ಅವರಿಗೂ ಯಾತ್ರೆಯ ಅಷ್ಟೂ ದಿನ ಮನುಷ್ಯರ ಆರೈಕೆ ಸಿಕ್ಕಿತ್ತು, ಅದು ಸಣ್ಣ ಸಂಗತಿಯಲ್ಲ.

ಗುಣವಾದೆವೆನ್ನುವವರನ್ನು ಪರೀಕ್ಷಿಸಲು 1883ರಲ್ಲಿ ವೈದ್ಯರ ಕಚೇರಿ ತೆರೆಯಿತು. ಎರಡು ವರ್ಷಗಳ ಬಳಿಕ, 1885ರಲ್ಲಿ, ಲೂರ್ದಿನಲ್ಲೇ ಸೇವಕರ ಸಂಘ ಹುಟ್ಟಿ ರೈಲು ನಿಲ್ದಾಣ, ಆಸ್ಪತ್ರೆ, ಗವಿ, ಸ್ನಾನದ ತೊಟ್ಟಿಗಳ ಕೆಲಸ ಹಂಚಿಕೊಂಡಿತು. ಮುಂದೆ ನೊಬೆಲ್ ಪಡೆದ ಅಲೆಕ್ಸಿ ಕರೆಲ್ 1902ರಲ್ಲಿ ಇಂಥದೊಂದು ರೈಲಿನಲ್ಲಿ ವೈದ್ಯನಾಗಿ ಹೋಗಿದ್ದ. ರೋಗಿಗಳನ್ನು ಲೂರ್ದಿಗೆ ಕರೆದೊಯ್ಯುವ ಇಟಲಿಯ ಯೂನಿಟಾಲ್ಸಿ ಸಂಸ್ಥೆ 1903ರದು. ಅದರ ಸ್ಥಾಪಕ ಜಾಂಬತ್ತಿಸ್ತಾ ತೊಮಾಸ್ಸಿ ಸ್ವತಃ ರೋಗಿ. ಬದುಕು ಮುಗಿಸಿಕೊಳ್ಳಲು ಲೂರ್ದಿಗೆ ಬಂದವನು ಅಲ್ಲಿನ ಸೇವಕರನ್ನು ಕಂಡು ಮನಸ್ಸು ಬದಲಿಸಿದನೆಂದು ಆ ಸಂಸ್ಥೆಯವರು ಹೇಳುತ್ತಾರೆ. ಬ್ರಿಟನ್ನಿನಲ್ಲಿ ವೈದ್ಯ ಮೈಕೇಲ್ ಸ್ಟ್ರೋಡ್ 1956ರಲ್ಲಿ ಅಂಗವಿಕಲ ಮಕ್ಕಳ ಲೂರ್ದು ಯಾತ್ರೆಗೆ ನಾಂದಿ ಹಾಡಿದ.

ಕೋವಿಡ್ ಬಂದ 2020ರಲ್ಲಿ ಮೈ ಮುಳುಗಿಸುವ ಸ್ನಾನ ನಿಂತು, ಯಾತ್ರಿಕರ ಕೈಗೆ ಸೇವಕರು ನೀರು ಹೊಯ್ಯುವ ಕ್ರಮ ಬಂತು. ಲೂರ್ದಿನ ಸೇವಕರ ಸಂಘಕ್ಕೆ ಹೊಸದಾಗಿ ಸೇರುವವರು ಈಗಲೂ ಸ್ವಂತ ಖರ್ಚಿನಲ್ಲೇ ಬಂದು, ಕೆಲವು ವರ್ಷ ತರಬೇತಿ ಪಡೆದ ಮೇಲೆ ಸಂಘದ ಪೂರ್ಣ ಸದಸ್ಯರಾಗುತ್ತಾರೆ.