ಅಧಿಕ ರಕ್ತದೊತ್ತಡ: ಚಿಕಿತ್ಸೆಯ ಇತಿಹಾಸ

ಜನ ‘ಬಿಪಿ’ ಎಂದೇ ಕರೆಯುವ ಅಧಿಕ ರಕ್ತದೊತ್ತಡ ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ವೈಫಲ್ಯಗಳಿಗೆ ದಾರಿ ಮಾಡಿಕೊಡುವ ಅಸಾಂಕ್ರಾಮಿಕ ರೋಗ. ನೋವಿಲ್ಲದೆ, ಜ್ವರವಿಲ್ಲದೆ ವರ್ಷಗಟ್ಟಲೆ ಮೈಯೊಳಗೆ ಇದ್ದುಬಿಡಬಲ್ಲದು. ಇದರಿಂದಾಗಿಯೇ, ಅಳೆಯುವ ಸಾಧನ ಕೈಗೆ ಬಂದ ಮೇಲೂ ಇದಕ್ಕೆ ಮದ್ದು ಕೊಡಬೇಕೆಂದು ವೈದ್ಯಲೋಕ ಒಪ್ಪಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಧಮನಿಗೆ ಗಾಜಿನ ಕೊಳವೆ ಜೋಡಿಸಿ, ಅದರಲ್ಲಿ ರಕ್ತ ಎಂಟು ಅಡಿಗೂ ಮೇಲೇರಿದ್ದನ್ನು 1733ರಲ್ಲಿ ಪ್ರಕಟಿಸಿದ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಪಾದರಸದ ಉಪಕರಣವನ್ನು ಇಟಲಿಯ ರಿವಾ ರೊಚ್ಚಿ 1896ರಲ್ಲಿ ರೂಪಿಸಿದ. ಸ್ಟೆತಸ್ಕೋಪಿನಲ್ಲಿ ನಾಡಿಯ ಸದ್ದು ಆಲಿಸುವ ವಿಧಾನವನ್ನು ರಷ್ಯದ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ಸೇರಿಸಿದ. ಆದರೂ ಗಡುಸಾದ ರಕ್ತನಾಳಗಳಲ್ಲಿ ರಕ್ತ ಹರಿಯಲು ಹೆಚ್ಚಿನ ಒತ್ತಡ ಬೇಕೇ ಬೇಕು, ಅದನ್ನು ಇಳಿಸುವುದೇ ಅಪಾಯ ಎಂಬ ನಂಬಿಕೆ ದೊಡ್ಡ ವೈದ್ಯರಲ್ಲೂ ಬೇರೂರಿತ್ತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ 1944ರ ಮಾರ್ಚ್‌ನಲ್ಲಿ 186/108 ಒತ್ತಡವಿತ್ತು. ಉಪ್ಪು ಕಡಿಮೆ ಮಾಡಿಸಿ, ವಿಶ್ರಾಂತಿ ಹೇಳಿ, ಹೃದಯಕ್ಕೆ ಡಿಜಿಟಾಲಿಸ್ ಕೊಟ್ಟರು. ಒತ್ತಡವನ್ನೇ ಇಳಿಸುವ ಒಳ್ಳೆಯ ಔಷಧ ಆಗ ಇರಲಿಲ್ಲ. 1945ರ ಏಪ್ರಿಲ್ 12ರಂದು ಅವರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು.

ಔಷಧದ ಹುಡುಕಾಟದಲ್ಲಿ ಭಾರತದ ಪಾಲು ದೊಡ್ಡದು. ಅದನ್ನು ನಾವೇ ಸಾಕಷ್ಟು ನೆನೆಯುವುದಿಲ್ಲ. ಹಾವಿನ ಕಡಿತಕ್ಕೂ ಚಿತ್ತಭ್ರಮೆಗೂ ನಾಟಿ ವೈದ್ಯರು ಬಳಸುತ್ತಿದ್ದ ಸರ್ಪಗಂಧಿಯ ಬೇರು ಒತ್ತಡವನ್ನು ಇಳಿಸುತ್ತದೆಂದು ಕಲ್ಕತ್ತೆಯ ಗಣನಾಥ್ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ವರದಿ ಮಾಡಿದರು. ಹೊರಜಗತ್ತು ಕಿವಿಗೊಟ್ಟದ್ದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ತಮ್ಮ ರೋಗಿಗಳ ವಿವರ ಬರೆದ ಮೇಲೆ. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ವಕೀಲ್‌ರಿಗೆ 1957ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡ ಕಾರಣ ರೆಸರ್ಪಿನ್ ಕ್ರಮೇಣ ಹಿಂದೆ ಸರಿಯಿತು.

1958ರಲ್ಲಿ ಮೂತ್ರವರ್ಧಕ ಕ್ಲೋರೋಥಯಜೈಡ್ ಬಂತು. ಒತ್ತಡ ಇಳಿಸುವುದು ಒಳ್ಳೆಯದೇ ಎಂಬ ಅನುಮಾನ ಹರಿದದ್ದು ಮಾತ್ರ 1967ರಲ್ಲಿ. ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು, ಕೆಳಗಿನ ಒತ್ತಡ 115ರಿಂದ 129ರವರೆಗೆ ಇದ್ದ 143 ಗಂಡಸರನ್ನು ಎರಡು ಗುಂಪು ಮಾಡಿದವು. ಹುಸಿಗುಳಿಗೆ ನುಂಗಿದವರಲ್ಲಿ 27 ಗಂಭೀರ ಅವಘಡಗಳಾದವು, ನಿಜವಾದ ಔಷಧ ಪಡೆದವರಲ್ಲಿ 2. ಆ ಔಷಧದ ಮಿಶ್ರಣದಲ್ಲಿ ರೆಸರ್ಪಿನ್ ಕೂಡ ಇತ್ತು. ಏನೂ ಆಗಿಲ್ಲವೆಂದು ಓಡಾಡುತ್ತಿರುವವನಿಗೂ ದಿನವೂ ಗುಳಿಗೆ ಕೊಡುವುದು ಸರಿಯೆಂದು ಈ ಲೆಕ್ಕವೇ ಸಾಧಿಸಿಕೊಟ್ಟಿತು.

ಹೊಸ ಔಷಧಗಳೂ ಒಂದೊಂದಾಗಿ ಸೇರಿದವು: ಜೇಮ್ಸ್ ಬ್ಲ್ಯಾಕ್‌ರ ಪ್ರೊಪ್ರನೊಲಾಲ್, ಬ್ರೆಜಿಲ್‌ನ ಮಂಡಲ ಜಾತಿಯ ಹಾವೊಂದರ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್, ಇಂದು ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಸಿಗುವ ಆಮ್ಲೊಡಿಪಿನ್.

ವಯಸ್ಸು, ವಂಶ, ಬೊಜ್ಜು, ಮದ್ಯ, ಉಪ್ಪು ಅಧಿಕ ರಕ್ತದೊತ್ತಡದ ಅಪಾಯಾಂಶಗಳು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳದ್ದೂ ಈ ಲೆಕ್ಕಕ್ಕೆ ಸೇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಒತ್ತಡ ಅಳೆದು, ನಿಗದಿತ ಕ್ರಮದಲ್ಲಿ ಉಚಿತ ಗುಳಿಗೆ ಕೊಟ್ಟು, ಬಿಟ್ಟುಹೋದವರನ್ನು ಮರಳಿ ಕರೆತರುವ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ 2017ರಲ್ಲಿ ಆರಂಭವಾಯಿತು.