ಅಸಲಿ ಲೈಕಾ, ವೇಷದ ಲೈಕಾ: ಹಳೆಯ ಕ್ಯಾಮೆರಾ ಸಂಗ್ರಹದಲ್ಲಿ ಯಂತ್ರಸಾಕ್ಷ್ಯ

ಲೈಕಾ ಎಂಬ ಹೆಸರಿನ ಮೊದಲರ್ಧ ಲೈಟ್ಸ್ ಮನೆತನದ್ದು, ಉಳಿದದ್ದು ಕ್ಯಾಮೆರಾದ್ದು. ಜರ್ಮನಿಯ ವೆಟ್ಸ್ಲಾರ್‌ನಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಅರ್ನ್ಸ್ಟ್ ಲೈಟ್ಸ್ ಸಂಸ್ಥೆಯನ್ನು 1911ರಲ್ಲಿ ಸೇರಿದ ಆಸ್ಕರ್ ಬಾರ್ನಾಕ್ (1879–1936) 1914ರ ಹೊತ್ತಿಗೆ ಜೇಬಿನಲ್ಲಿ ಹಿಡಿಯುವಂಥ ಒಂದು ಕ್ಯಾಮೆರಾ ಮಾಡಿಕೊಂಡಿದ್ದರು. ಉಬ್ಬಸವಿದ್ದ ಅವರಿಗೆ ಗಾಜಿನ ತಟ್ಟೆಗಳ ಭಾರದ ಕ್ಯಾಮೆರಾ ಹೊತ್ತು ತಿರುಗುವುದು ಆಗುತ್ತಿರಲಿಲ್ಲ. ಸಿನಿಮಾ ರೀಲನ್ನು ಅಡ್ಡಡ್ಡಲಾಗಿ ಓಡಿಸಿ, 18×24 ಮಿ.ಮೀ. ಚೌಕಟ್ಟನ್ನು ಇಮ್ಮಡಿಸಿ 24×36 ಮಾಡಿದ್ದು ಅವರ ಮುಖ್ಯ ಉಪಾಯ. ಇಂದಿನ ಡಿಜಿಟಲ್ ಕ್ಯಾಮೆರಾಗಳ 'ಫುಲ್ ಫ್ರೇಮ್' ಅಳತೆಯೂ ಇದೇ.

ನಡುವೆ ಮೊದಲ ಮಹಾಯುದ್ಧ ಬಂತು. 1923ರಲ್ಲಿ ಪರೀಕ್ಷೆಗೆಂದು ಇಪ್ಪತ್ತಕ್ಕೂ ತುಸು ಹೆಚ್ಚು ಕ್ಯಾಮೆರಾಗಳನ್ನು ಕೈಯಲ್ಲೇ ತಯಾರಿಸಲಾಯಿತು. ಸಂಗ್ರಾಹಕರು 'ಸೊನ್ನೆ ಸರಣಿ' ಎನ್ನುವುದು ಇವನ್ನೇ. ಇವುಗಳ ಶಟರಿನಲ್ಲಿ ಒಂದು ಕೊರತೆಯಿತ್ತು: ಫಿಲ್ಮ್ ಸುತ್ತುವಾಗ ಪರದೆಯ ಸೀಳು ತೆರೆದೇ ಇರುತ್ತಿತ್ತು. ಪ್ರತಿ ಚಿತ್ರದ ನಂತರ ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಫಿಲ್ಮ್ ಕೆಡುತ್ತಿತ್ತು. ಮುಚ್ಚಳ ಕಳೆಯದಿರಲೆಂದು ಅದನ್ನು ದಾರದಿಂದ ಕ್ಯಾಮೆರಾಕ್ಕೆ ಕಟ್ಟಲಾಗಿತ್ತು. 1925ರ ಲೈಪ್ಜಿಗ್ ವಸಂತ ಮೇಳದಲ್ಲಿ ಮಾರಾಟಕ್ಕೆ ಬಂದ ಲೈಕಾದಲ್ಲಿ ಈ ಕೊರತೆ ಇರಲಿಲ್ಲ. ಬಾರ್ನಾಕ್ ತಾವೇ ಬಳಸುತ್ತಿದ್ದ 105ನೇ ಸಂಖ್ಯೆಯ ಸೊನ್ನೆ ಸರಣಿ ಕ್ಯಾಮೆರಾ 2022ರ ಹರಾಜಿನಲ್ಲಿ 1.44 ಕೋಟಿ ಯೂರೋಗೆ ಹೋಯಿತು.

ಇಷ್ಟು ಬೆಲೆಯಿರುವಲ್ಲಿ ನಕಲು ಹುಟ್ಟದಿರದು. ಆದರೆ ಲೈಕಾದ ನಕಲಿನ ಕಥೆ ಮೋಸದಿಂದ ಶುರುವಾದದ್ದಲ್ಲ. ಉಕ್ರೇನಿನ ಖಾರ್ಕಿವ್‌ನಲ್ಲಿ ಅನಾಥ ಮಕ್ಕಳಿಗಾಗಿ ನಡೆಯುತ್ತಿದ್ದ, ಶಿಕ್ಷಣತಜ್ಞ ಆಂಟೋನ್ ಮಕಾರೆಂಕೋ ಅವರ ಹೆಸರಿನೊಂದಿಗೆ ಸೇರಿಕೊಂಡ ಶ್ರಮಸಮುದಾಯವೊಂದು 1934ರಿಂದ ಎರಡನೇ ಲೈಕಾ ಮಾದರಿಯ ಪಡಿಯಚ್ಚನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಅದರ ಹೆಸರು 'ಫೆಡ್': ಸೋವಿಯತ್ ರಹಸ್ಯ ಪೊಲೀಸ್ ವ್ಯವಸ್ಥೆಯ ಸ್ಥಾಪಕ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್ಸ್ಕಿಯ ಮೊದಲಕ್ಷರಗಳು. 1948ರಲ್ಲಿ ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್‌ನಿಂದ 'ಜೋರ್ಕಿ' ಬಂತು. ಇವೆರಡೂ ತಮ್ಮ ಹೆಸರನ್ನು ತಲೆಯ ಮೇಲೆ ಕೆತ್ತಿಸಿಕೊಂಡೇ ಲಕ್ಷಗಟ್ಟಲೆ ಮಾರಾಟವಾದವು. ಮೋಸ ಬಂದದ್ದು ಬಹಳ ತಡವಾಗಿ. ಹಳೆಯ ಫೆಡ್, ಜೋರ್ಕಿಗಳ ಹೆಸರನ್ನು ಉಜ್ಜಿ ತೆಗೆದು, ಲೈಕಾ ಎಂದು ಕೆತ್ತಿ, ಚಿನ್ನದ ಬಣ್ಣ ಹಚ್ಚಿ, ನಾಜಿ ಹದ್ದನ್ನೋ 1936ರ ಬರ್ಲಿನ್ ಒಲಿಂಪಿಕ್ಸಿನ ಗುರುತನ್ನೋ ಸೇರಿಸುವ ಕಸುಬು ಬೆಳೆಯಿತು.

ಇಲ್ಲಿ ಕ್ರಮಸಂಖ್ಯೆಯನ್ನು ನಂಬಿ ಕೂಡುವಂತಿಲ್ಲ. ಸಂಖ್ಯೆಯನ್ನು ಯಾರು ಬೇಕಾದರೂ ಕೆತ್ತಬಹುದು. ಅದಿರಲಿ, ಅಸಲಿ ಲೈಕಾದಲ್ಲೂ ಅದು ದಾರಿ ತಪ್ಪಿಸುತ್ತದೆ. ಮೊದಲ ಮಾದರಿ ಕೊಂಡವರು ಅದನ್ನು ಕಾರ್ಖಾನೆಗೆ ಕಳಿಸಿ 1932ರ ರೇಂಜ್‌ಫೈಂಡರ್ (ದೂರ ಅಳೆಯುವ ಸಾಧನ) ಇರುವ ಮಾದರಿಯಾಗಿ ಬದಲಿಸಿಕೊಳ್ಳಬಹುದಿತ್ತು. ಆಗ ಒಡಲು ಹೊಸದಾದರೂ ಸಂಖ್ಯೆ ಹಳೆಯದೇ ಉಳಿಯುತ್ತಿತ್ತು. ಕಾರ್ಖಾನೆಯ ಕ್ರಮಸಂಖ್ಯೆಗಳ ಪಟ್ಟಿಗೆ ಹೊಂದದ ಸಂಖ್ಯೆ ಕಂಡೊಡನೆ ನಕಲಿ ಎಂದು ತಳ್ಳಿಹಾಕುವುದು ಅವಸರದ ತೀರ್ಪು.

ನಂಬಬೇಕಾದದ್ದು ಒಳಗಿನ ಲೋಹವನ್ನು. ಲೆನ್ಸನ್ನು ತಿರುಪಿ ತೆಗೆದು ಕ್ಯಾಮೆರಾದ ಬಾಯೊಳಗೆ ನೋಡಿದರೆ ಮೇಲ್ಭಾಗದಲ್ಲಿ ರೇಂಜ್‌ಫೈಂಡರಿನ ಪುಟ್ಟ ಕೈ ಕಾಣುತ್ತದೆ. ಲೈಕಾದಲ್ಲಿ ಅದರ ತುದಿಗೆ ಗುಂಡನೆಯ ಉರುಳೆ. ಫೆಡ್, ಜೋರ್ಕಿಗಳಲ್ಲಿ ಉರುಳೆಯ ಬದಲು ಚೂಪಾದ ಲೋಹದ ತುಂಡು. ಹೊರಗೆ ಎಷ್ಟೇ ಚಿನ್ನ ಬಳಿದರೂ ಈ ತುಂಡನ್ನು ಬದಲಿಸುವ ಗೋಜಿಗೆ ನಕಲಿಗಾರರು ಸಾಮಾನ್ಯವಾಗಿ ಹೋಗುವುದಿಲ್ಲ.

ಲೆನ್ಸಿನ ಸಾಕ್ಷ್ಯವೂ ಇಷ್ಟೇ ಗಟ್ಟಿ. ಮಾಕ್ಸ್ ಬೆರೆಕ್ ರೂಪಿಸಿದ, ಲೈಕಾದ 50 ಮಿ.ಮೀ. ಎಲ್ಮಾರ್ ಲೆನ್ಸಿನಲ್ಲಿ ನಾಲ್ಕು ಗಾಜುಗಳಿದ್ದು, ಅಪರ್ಚರಿನ ಎಲೆಗಳು ಮೊದಲ ಗಾಜಿನ ಬೆನ್ನಿಗೇ ಇವೆ. ಸೋವಿಯತ್ ಲೆನ್ಸ್ ಹೊರನೋಟಕ್ಕೆ ಎಲ್ಮಾರ್‌ನ ತದ್ರೂಪು; ಆದರೆ ಅದರೊಳಗಿನ ವಿನ್ಯಾಸ ಝೈಸ್ ಸಂಸ್ಥೆಯ ಟೆಸಾರ್‌ನದು, ಎಲೆಗಳು ಎರಡನೇ ಗಾಜಿನ ಹಿಂದೆ ಇವೆ. ಬೆಳಕಿಗೆ ಹಿಡಿದು ಮುಂದಿನಿಂದ ನೋಡಿದರೆ ಎಲೆಗಳು ಎಷ್ಟು ಆಳದಲ್ಲಿವೆ ಎಂಬುದರಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಇದಕ್ಕೆ ಯಾವ ಉಪಕರಣವೂ ಬೇಡ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಫೆಡ್‌ಗಳನ್ನು ಬರಿಯ ನಕಲೆಂದು ಕಡೆಗಣಿಸುವುದೂ ಸರಿಯಲ್ಲ. ಲೆನ್ಸ್ ಮತ್ತು ಫಿಲ್ಮಿನ ನಡುವಿನ ಅಂತರಕ್ಕೆ ಅವುಗಳಲ್ಲಿ ಇನ್ನೂ ಒಂದೇ ಮಾನಕವಿರಲಿಲ್ಲ. ಆಯಾ ಕ್ಯಾಮೆರಾಕ್ಕೆ ಆಯಾ ಲೆನ್ಸನ್ನು ಹೊಂದಿಸಿ ಕಳಿಸುತ್ತಿದ್ದುದರಿಂದ ಒಂದರ ಲೆನ್ಸ್ ಇನ್ನೊಂದರಲ್ಲಿ ಸರಿಯಾಗಿ ಫೋಕಸ್ ಆಗುತ್ತಿರಲಿಲ್ಲ. ಹೊಂದಿಸಿದ ಜೋಡಿ ಹಾಗೇ ಉಳಿದಿದ್ದರೆ ಅದು ಆ ಕಾರ್ಖಾನೆಯ ಕೆಲಸದ ರೀತಿಗೆ ನೇರ ಸಾಕ್ಷಿ. ಹದ್ದನ್ನು ಕೆತ್ತಲೆಂದು ತಲೆಯ ತಗಡನ್ನು ಉಜ್ಜಿದಾಗ ಫೆಡ್‌ನ ಮೂಲ ಕ್ರಮಸಂಖ್ಯೆಯೂ ಅಳಿಸಿಹೋಗುತ್ತದೆ; ಆ ಕ್ಯಾಮೆರಾ ಯಾವ ವರ್ಷದ್ದೆಂದು ಆಮೇಲೆ ಖಚಿತವಾಗಿ ಹೇಳುವುದು ಕಷ್ಟ.