ಪಕ್ಕದ ಮಡಿ ಎಲ್ಲಿದೆ? ಲಿವರ್‌ಗೆ ಸ್ಟೆಮ್ ಸೆಲ್ ಪರೀಕ್ಷಿಸಿದ ಕಥೆ

ಹೋದ ವರ್ಷ ಮದ್ದೂರು ಕಡೆಯ ನೆಂಟರೊಬ್ಬರು ನಮಗೆ ಫೋನ್ ಮಾಡಿದ್ದರು. ಅವರ ತಮ್ಮನಿಗೆ ಕುಡಿತದಿಂದ ಲಿವರ್ ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. “ಸ್ಟೆಮ್ ಸೆಲ್ ಸೂಜಿ ಹಾಕಿದ್ರೆ ಲಿವರ್ ಹೊಸದಾಗಿ ಬೆಳೀತದಂತೆ. ಗದ್ದೆ ಅಡ ಇಟ್ಟಾದ್ರೂ ಹಾಕ್ಸನ ಅಂತಿದೀವಿ. ನೀವೇನಂತೀರಣ್ಣ?” ಎಂದರು. ಆವತ್ತು ನಮ್ಮಲ್ಲಿ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ವಿ.ಸಿ. ಫಾರಂಗೇ ಬರೋಣ. ರಾಗಿ ಲಕ್ಷ್ಮಣಯ್ಯನವರು ಇಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಹೊಸ ತಳಿಯನ್ನು ಒಂದೇ ಮಡಿಯಲ್ಲಿ ಬೆಳೆದು ನೋಡಿ ಯಾರೂ ಬೀಜ ಹಂಚುವುದಿಲ್ಲ. ಪಕ್ಕದ ಮಡಿಯಲ್ಲಿ ಹಳೆಯ ತಳಿ ಇರಬೇಕು. ಅದೇ ಮಣ್ಣು, ಅದೇ ನೀರು, ಅದೇ ಗೊಬ್ಬರ. ಹೆಚ್ಚು ಬಂದ ಇಳುವರಿ ತಳಿಯದೋ, ಒಳ್ಳೆಯ ಮಳೆಯದೋ ಎಂದು ಆಗಲೇ ಗೊತ್ತಾಗುವುದು. ಔಷಧಿಗೂ ಇದೇ ಲೆಕ್ಕ.

ಸ್ಟೆಮ್ ಸೆಲ್ ಎಂದರೆ ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ನಮ್ಮ ಮೂಳೆಯ ಮಜ್ಜೆಯಲ್ಲಿ ಇವು ಇರುತ್ತವೆ. 2006ರಲ್ಲಿ ಜಪಾನಿನ ವೈದ್ಯರು 9 ಸಿರೋಸಿಸ್ ರೋಗಿಗಳಿಗೆ ಅವರದೇ ಮಜ್ಜೆಯ ಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟ ವರದಿ ಬಂತು. ರಕ್ತ ಪರೀಕ್ಷೆಯಲ್ಲಿ ಸುಧಾರಣೆ ಕಂಡಿತ್ತು. ಆದರೆ ಅಲ್ಲಿ ಪಕ್ಕದ ಮಡಿ ಇರಲಿಲ್ಲ.

2012ರಲ್ಲಿ ದೆಹಲಿಯ ಡಾ. ಎಸ್.ಕೆ. ಸರಿನ್ ಅವರ ತಂಡ ಪಕ್ಕದ ಮಡಿ ಇಟ್ಟುಕೊಂಡೇ ನೋಡಿತು. ಮಜ್ಜೆಯ ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಇಳಿಸುವ ಜಿ-ಸಿಎಸ್‌ಎಫ್ ಎಂಬ ಇಂಜೆಕ್ಷನ್ ಅದು. ಲಿವರ್ ದಿಢೀರನೆ ಕೈಕೊಟ್ಟವರಲ್ಲಿ, ಇಂಜೆಕ್ಷನ್ ಪಡೆದ 23 ಮಂದಿಯಲ್ಲಿ 16 ಜನ ಬದುಕಿದರು. ಔಷಧಿಯಿಲ್ಲದ ಸೂಜಿ ಪಡೆದ 24 ಮಂದಿಯಲ್ಲಿ 7 ಜನ ಬದುಕಿದರು. ದೊಡ್ಡ ಆಸೆ ಹುಟ್ಟಿತು.

ಆದರೆ ಜರ್ಮನಿಯಲ್ಲಿ ಅದೇ ಇಂಜೆಕ್ಷನ್ನನ್ನು 176 ರೋಗಿಗಳ ಮೇಲೆ ಪರೀಕ್ಷಿಸಿದಾಗ ಎರಡೂ ಗುಂಪಿನಲ್ಲಿ ಬದುಕಿದವರು ಹೆಚ್ಚುಕಡಿಮೆ ಅಷ್ಟೇ. ಪ್ರಯೋಜನವಿಲ್ಲವೆಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. 2021ರಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಮೊದಲು, 2018ರಲ್ಲಿ, ಬ್ರಿಟನ್ನಿನ ಫಲಿತಾಂಶ ಬಂದಿತ್ತು. 81 ಸಿರೋಸಿಸ್ ರೋಗಿಗಳನ್ನು 3 ಗುಂಪು ಮಾಡಿದ್ದರು: ಮಾಮೂಲಿ ಚಿಕಿತ್ಸೆ, ಇಂಜೆಕ್ಷನ್, ಇಂಜೆಕ್ಷನ್ ಜೊತೆಗೆ ಸ್ಟೆಮ್ ಸೆಲ್. ಲಿವರ್ ಸುಧಾರಿಸಲಿಲ್ಲ. ಸ್ಟೆಮ್ ಸೆಲ್ ಪಡೆದವರಲ್ಲಿ ತೊಂದರೆಗಳೇ ಹೆಚ್ಚು ಕಂಡವು.

ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯೂ ಕುಡಿತದ ಸಿರೋಸಿಸ್‌ಗೆ ಪ್ರಯೋಗ ಕೈಗೊಂಡಿತ್ತು. ದಾನಿಗಳ ಮಜ್ಜೆಯ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಲಿವರ್‌ನ ರಕ್ತನಾಳಕ್ಕೆ ಕೊಡುವ ವಿಧಾನವದು. 2016ರಲ್ಲಿ ಅದರ ಸ್ಟೆಮ್ ಸೆಲ್ ಔಷಧಿಗೆ ಕೇಂದ್ರದ ಸೀಮಿತ ಒಪ್ಪಿಗೆ ಸಿಕ್ಕಿತು. ಆದರೆ ಅದು ಕೈಕಾಲಿನ ರಕ್ತನಾಳ ಮುಚ್ಚುವ ಬರ್ಜರ್ ಕಾಯಿಲೆಗೆ, ಲಿವರ್‌ಗಲ್ಲ.

ಸಂಶೋಧನೆ ಮುಂದುವರಿಯಲಿ. ಬೇಡವೆನ್ನುವವರು ನಾವಲ್ಲ. ಆದರೆ ಪರೀಕ್ಷೆ ಬೇರೆ, ಮಾರಾಟ ಬೇರೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಲಿವರ್ ಸಿರೋಸಿಸ್‌ಗೆ ಸ್ಟೆಮ್ ಸೆಲ್ ಕೊಡುವುದಾದರೆ ಅದು ಒಪ್ಪಿಗೆ ಪಡೆದ ಪ್ರಯೋಗದೊಳಗೇ ಆಗಬೇಕು, ಅದಕ್ಕೆ ರೋಗಿಯಿಂದ ದುಡ್ಡು ಪಡೆಯುವಂತಿಲ್ಲ. 2009ರ ಜೂನ್‌ನಿಂದ ಇಂಥ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಲೇಬೇಕು. ಅದನ್ನು ಯಾರು ಬೇಕಾದರೂ ಫೋನಿನಲ್ಲೇ ನೋಡಬಹುದು.

ಇಷ್ಟನ್ನು ನೆಂಟರಿಗೆ ಹೇಳಿ, “ನೋಂದಣಿ ಸಂಖ್ಯೆ ಕೇಳಿ” ಎಂದೆವು. ಅವರು ಎರಡು ಸಲ ಕೇಳಿದರೂ ಆ ಕಡೆಯಿಂದ ಸಂಖ್ಯೆ ಬರಲಿಲ್ಲ, ಪ್ಯಾಕೇಜಿನ ರೇಟು ಮಾತ್ರ ಇಳಿಯಿತು. ಗದ್ದೆ ಉಳಿಯಿತು. ತಮ್ಮ ಕುಡಿತ ಬಿಟ್ಟು, ಉಪ್ಪು ಕಡಿಮೆ ಮಾಡಿ, ಡಾಕ್ಟರು ಬರೆದ ಮಾತ್ರೆ ತಗೋತಿದ್ದಾನೆ. ಲಿವರ್ ಪೂರ್ತಿ ಸರಿಹೋಗಿಲ್ಲ. ಕಸಿ ಬೇಕಾದರೆ ಇರಲಿ ಎಂದು ಜೀವಸಾರ್ಥಕತೆಯ ಪಟ್ಟಿಗೆ ಹೆಸರು ಸೇರಿಸುವ ಬಗ್ಗೆ ಡಾಕ್ಟರ ಹತ್ತಿರ ಕೇಳಿಕೊಂಡು ಬಂದಿದ್ದಾರೆ.